ನಿಲ್ಲಿಸುವ ಅಧಿಕಾರ ಯಾರದು?



ಕ್ರೀಡೆಯ ಆಡಳಿತ ಕುರಿತು ಮಾತಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಆರಿಸಿಕೊಂಡದ್ದು ಫಾರ್ಮುಲಾ ಒನ್ ಕಾರ್ ರೇಸನ್ನು. ಕಾರಣವಿದೆ. ಕ್ರಿಕೆಟ್ ಮಂಡಳಿಯೊಂದು ತಪ್ಪು ತೀರ್ಮಾನ ತೆಗೆದುಕೊಂಡರೆ ಒಂದು ಸರಣಿ ಹಾಳಾಗುತ್ತದೆ, ಒಬ್ಬ ಆಟಗಾರನ ಭವಿಷ್ಯಕ್ಕೆ ಕಲ್ಲು ಬೀಳಬಹುದು. ಮೋಟಾರು ರೇಸಿನ ಆಡಳಿತ ತಪ್ಪಿದರೆ ಅದೇ ಮಧ್ಯಾಹ್ನ ಯಾರೋ ಸಾಯುತ್ತಾರೆ. ಯಾರ ಮಾತು ನಡೆಯಬೇಕು, ಯಾರಿಗೆ ಬೇಡವೆನ್ನುವ ಹಕ್ಕಿದೆ, ಹಾಗೆಂದವರಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳು ಈ ಆಟದಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆ ಕಡೆ ಕಾಣುವುದಿಲ್ಲ.

ನೇರವಾಗಿ ಒಂದು ದಿನಕ್ಕೆ ಹೋಗೋಣ. 2005ರ ಜೂನ್ 19, ಭಾನುವಾರ. ಅಮೆರಿಕದ ಇಂಡಿಯಾನಾಪೊಲಿಸ್ ಮೋಟಾರ್ ಸ್ಪೀಡ್‌ವೇಯಲ್ಲಿ ಲಕ್ಷದಷ್ಟು ಜನ ಸೇರಿದ್ದರು. ರೇಸಿಗೆ ಮುಂಚಿನ ಸುತ್ತಿಗೆ 20 ಕಾರುಗಳೂ ಹೊರಟವು. ಆ ಸುತ್ತು ಮುಗಿಯುವ ಹೊತ್ತಿಗೆ 14 ಕಾರುಗಳು ರೇಸ್ ಶುರುವಾಗುವ ಗ್ರಿಡ್‌ನಲ್ಲಿ ತಮ್ಮ ಜಾಗಕ್ಕೆ ಹೋಗದೆ ಪಿಟ್ ದಾರಿ ಹಿಡಿದು ಗ್ಯಾರೇಜ್ ಸೇರಿಕೊಂಡವು. ಉಳಿದ 6 ಕಾರುಗಳೇ ರೇಸ್ ನಡೆಸಿದವು. ಜನ ಕೂಗಿದರು, ಬಾಟಲಿಗಳನ್ನು ಟ್ರ್ಯಾಕಿಗೆ ಎಸೆದರು, ದುಡ್ಡು ವಾಪಸ್ ಕೊಡಿ ಎಂದರು. ಫೆರಾರಿಯ ಮೈಕೆಲ್ ಶುಮಾಕರ್ ಗೆದ್ದರು. ಆ ವರ್ಷ ಅವರು ಗೆದ್ದದ್ದು ಅದೊಂದೇ ರೇಸ್. ನಾಲ್ಕನೆಯವರಾಗಿ ಬಂದವರು ಜೋರ್ಡನ್ ತಂಡದ ನಮ್ಮ ನಾರಾಯಣ್ ಕಾರ್ತಿಕೇಯನ್. ಫಾರ್ಮುಲಾ ಒನ್‌ನಲ್ಲಿ ಭಾರತೀಯನೊಬ್ಬ ಅಂಕ ಗಳಿಸಿದ್ದು ಅಂದೇ ಮೊದಲು. ಒಳ್ಳೆಯ ಚಾಲಕನೊಬ್ಬನಿಗೆ ಸಲ್ಲಬೇಕಾದ ಆ ಗೌರವ ಅಂಥ ದಿನದಂದು ಬಂತಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ.

ಬಿಕ್ಕಟ್ಟು ಶುರುವಾದದ್ದು ಶುಕ್ರವಾರ. ಅಭ್ಯಾಸದ ಹೊತ್ತಿನಲ್ಲಿ ಟೊಯೋಟಾ ತಂಡದ ರಾಲ್ಫ್ ಶುಮಾಕರ್ ಅವರ ಕಾರಿನ ಎಡಗಡೆಯ ಹಿಂದಿನ ಟೈರ್ 13ನೇ ತಿರುವಿನಲ್ಲಿ ಕೈಕೊಟ್ಟಿತು, ಕಾರು ಗೋಡೆಗೆ ಅಪ್ಪಳಿಸಿತು. ಹಿಂದಿನ ವರ್ಷ ಇದೇ ತಿರುವಿನಲ್ಲಿ ಇದೇ ಚಾಲಕ ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡು ಆರು ರೇಸ್ ಕಳೆದುಕೊಂಡಿದ್ದರು. ಆ ತಿರುವಿನ ಸ್ವಭಾವವೇ ಬೇರೆ. ಇಂಡಿಯಾನಾಪೊಲಿಸ್ ಮೂಲತಃ ಅಂಡಾಕಾರದ ಟ್ರ್ಯಾಕ್. ಫಾರ್ಮುಲಾ ಒನ್ ಅದರ ಒಂದು ತುಂಡನ್ನು ಹಿಮ್ಮುಖವಾಗಿ ಬಳಸಿಕೊಂಡು, ಉಳಿದ ದಾರಿಯನ್ನು ಒಳಮೈದಾನದಲ್ಲಿ ಹಾಕಿಕೊಂಡಿತ್ತು. ಹಾಗಾಗಿ 13ನೇ ತಿರುವಿನಲ್ಲಿ ರಸ್ತೆ ಹೊರಬದಿಗೆ ಏರಿ ಓರೆಯಾಗಿ ನಿಂತಿತ್ತು. ಆ ಕಾಲದ ಬೇರಾವ ಫಾರ್ಮುಲಾ ಒನ್ ಟ್ರ್ಯಾಕಿನಲ್ಲೂ ಅಂಥ ತಿರುವು ಇರಲಿಲ್ಲ. ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಅಲ್ಲಿ ಹೊರಳುವಾಗ ಎಡಗಡೆಯ ಟೈರ್‌ಗಳಿಗೆ ಪಕ್ಕದಿಂದಲೂ ಮೇಲಿನಿಂದಲೂ ಒಟ್ಟಿಗೇ ಭಾರ ಬೀಳುತ್ತಿತ್ತು. ಟ್ರ್ಯಾಕಿನ ಮೇಲ್ಮೈಯನ್ನು ಆಗಷ್ಟೇ ಹೊಸದಾಗಿ ಉಜ್ಜಿ ಗೀರಿದ್ದರಿಂದ ಹಿಡಿತವೂ ಹೆಚ್ಚಾಗಿತ್ತು.

ಇದರ ಜೊತೆಗೆ ಆ ವರ್ಷದ ನಿಯಮ ಸೇರಿಕೊಂಡಿತು. ಅರ್ಹತಾ ಸುತ್ತಿಗೂ ಇಡೀ ರೇಸಿಗೂ ಒಂದೇ ಜೊತೆ ಟೈರ್ ಬಳಸಬೇಕು, ನಡುವೆ ಬದಲಿಸುವಂತಿಲ್ಲ ಎಂದು 2005ರಲ್ಲಿ ನಿಯಮ ತಂದಿದ್ದರು. ಕಾರುಗಳ ವೇಗ ಇಳಿಸಬೇಕು ಎಂಬುದು ಉದ್ದೇಶ. ಅಂದರೆ ಸುರಕ್ಷತೆಯ ಹೆಸರಿನಲ್ಲಿ ಬಂದ ನಿಯಮವೇ ಅದು. ಇಂಡಿಯಾನಾಪೊಲಿಸ್‌ಗೆ ಮೂರು ವಾರ ಮೊದಲು, ಯುರೋಪಿಯನ್ ಗ್ರ್ಯಾನ್ ಪ್ರಿಯಲ್ಲಿ, ಮುನ್ನಡೆಯಲ್ಲಿದ್ದ ಕಿಮಿ ರೈಕೋನೆನ್ ಸವೆದು ಚಪ್ಪಟೆಯಾದ ಟೈರಿನಲ್ಲೇ ಓಡಿಸುತ್ತ ಬಂದರು. ಆ ಅದುರಾಟಕ್ಕೆ ಕೊನೆಯ ಸುತ್ತಿನಲ್ಲಿ ಕಾರಿನ ಮುಂಭಾಗದ ಸಸ್ಪೆನ್ಷನ್ನೇ ಮುರಿಯಿತು. ನಿಯಮದ ಅಪಾಯ ಆಗಲೇ ಎಲ್ಲರ ಕಣ್ಣಿಗೆ ಬಿದ್ದಿತ್ತು, ಯಾರೂ ಅದನ್ನು ಮುಟ್ಟಲಿಲ್ಲ.

ಏಳು ತಂಡಗಳಿಗೆ ಟೈರ್ ಕೊಡುತ್ತಿದ್ದದ್ದು ಫ್ರಾನ್ಸಿನ ಮಿಷೆಲಿನ್. ಮೂರಕ್ಕೆ ಬ್ರಿಜ್‌ಸ್ಟೋನ್. ಶುಕ್ರವಾರ ರಾತ್ರಿ ಪರೀಕ್ಷೆ ನಡೆಸಿದ ಮಿಷೆಲಿನ್ ಎಂಜಿನಿಯರುಗಳು ತಮ್ಮ ಟೈರ್ ಈ ತಿರುವಿನ ಭಾರ ತಡೆಯದೆಂದು ಕಂಡುಕೊಂಡರು. ಫ್ರಾನ್ಸಿನಿಂದ ತರಿಸಿದ ಬೇರೆ ಟೈರಿನ ಮೇಲೂ ಅವರಿಗೆ ಭರವಸೆ ಬರಲಿಲ್ಲ. 13ನೇ ತಿರುವಿನಲ್ಲಿ ವೇಗ ಇಳಿಸದಿದ್ದರೆ ರೇಸಿನಲ್ಲಿ ಓಡಲಾಗದು ಎಂದು ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟಕ್ಕೆ, ಅಂದರೆ ಎಫ್‌ಐಎಗೆ, ಬರೆದುಕೊಟ್ಟರು. ದೊಡ್ಡ ಕಂಪನಿಯೊಂದು ಲಿಖಿತವಾಗಿ ತನ್ನ ಸಾಮಾನು ಅಪಾಯಕಾರಿ ಎಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಎಫ್‌ಐಎಯ ರೇಸ್ ನಿರ್ದೇಶಕ ಚಾರ್ಲಿ ವೈಟಿಂಗ್ ಕೊಟ್ಟ ಉತ್ತರ ಖಡಾಖಂಡಿತವಾಗಿತ್ತು. ಮಿಷೆಲಿನ್ ತಂಡಗಳು ಆ ತಿರುವಿನಲ್ಲಿ ನಿಧಾನ ಹೋಗಲಿ, ಇಲ್ಲವೇ ಟೈರ್ ಬದಲಿಸಿ ದಂಡ ಅನುಭವಿಸಲಿ, ಇಲ್ಲವೇ ಪ್ರತಿ ಸುತ್ತೂ ಪಿಟ್ ದಾರಿಯಲ್ಲಿ ಹಾದುಹೋಗಲಿ. ತಂಡಗಳು ಬೇರೆ ದಾರಿ ಹೇಳಿದವು: ತಿರುವಿಗೆ ಮುನ್ನ ಎಡಕ್ಕೂ ಬಲಕ್ಕೂ ಹೊರಳಿಸಿ ವೇಗ ತಗ್ಗಿಸುವ ತಾತ್ಕಾಲಿಕ ಅಡ್ಡ ಹಾಕಿ. ರೇಸಿನವರ ಭಾಷೆಯಲ್ಲಿ ಶಿಕೇನ್. ಮಿನಾರ್ಡಿ ತಂಡದ ಒಡೆಯ ಪಾಲ್ ಸ್ಟೊಡಾರ್ಟ್ ಓಡಾಡಿ ಮಾತುಕತೆ ನಡೆಸಿದರು. ಹತ್ತರಲ್ಲಿ ಒಂಬತ್ತು ತಂಡ ಒಪ್ಪಿದವು. ಬ್ರಿಜ್‌ಸ್ಟೋನ್ ಬಳಸುತ್ತಿದ್ದ ಜೋರ್ಡನ್, ಮಿನಾರ್ಡಿ ಕೂಡ ಒಪ್ಪಿದವು. ಬೇಕಾದರೆ ಅಂಕಗಳನ್ನೇ ಬಿಟ್ಟುಕೊಡುತ್ತೇವೆ, ಬಂದ ಜನಕ್ಕೆ ಒಂದು ರೇಸ್ ತೋರಿಸೋಣ ಎಂಬವರೆಗೂ ಮಾತು ಹೋಯಿತು. ಫೆರಾರಿ ಒಪ್ಪಲಿಲ್ಲ. ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಇರಲೇ ಇಲ್ಲ. ಯುರೋಪಿನಿಂದ ಫೋನಿನಲ್ಲಿ ಆಗದು ಎಂದರು.

ಮೋಸ್ಲಿಯವರ ವಾದವನ್ನು ತಳ್ಳಿಹಾಕುವಂತಿಲ್ಲ. ಅವರು ವಕೀಲಿಕೆ ಓದಿದವರು, ತೂಕದ ಕಾರಣಗಳನ್ನೇ ಕೊಟ್ಟರು. ಯಾರೂ ಓಡಿಸಿ ನೋಡದ ಶಿಕೇನ್‌ನಲ್ಲಿ ಯಾರಾದರೂ ಸತ್ತರೆ ಅಮೆರಿಕದ ನ್ಯಾಯಾಲಯದಲ್ಲಿ ಉತ್ತರಿಸುವವರು ಯಾರು? ಸರಿಯಾದ ಟೈರ್ ತಂದ ಮೂರು ತಂಡಗಳನ್ನು ಶಿಕ್ಷಿಸಿ, ತಪ್ಪು ಟೈರ್ ತಂದ ಏಳಕ್ಕೆ ಅನುಕೂಲ ಮಾಡುವುದು ಯಾವ ನ್ಯಾಯ? ಈ ಎರಡು ಪ್ರಶ್ನೆಗಳಿಗೆ ಸುಲಭದ ಉತ್ತರವಿಲ್ಲ. ಆದರೂ ನನ್ನ ತೀರ್ಮಾನ ಎಫ್‌ಐಎ ವಿರುದ್ಧವೇ. ಟ್ರ್ಯಾಕಿನಲ್ಲಿ ನಿಂತು, ಟೈರನ್ನು ಕಣ್ಣಾರೆ ಕಂಡು, ಎಲ್ಲರ ಮಾತು ಕೇಳಿ ತೀರ್ಮಾನ ಕೊಡುವ ಅಧಿಕಾರವಿದ್ದ ಒಬ್ಬ ವ್ಯಕ್ತಿಯೂ ಆ ಊರಿನಲ್ಲಿ ಇರಲಿಲ್ಲ. ಇದ್ದ ಅಧಿಕಾರಿಗೆ ನಿಯಮ ಓದಿ ಹೇಳುವಷ್ಟೇ ಅವಕಾಶ. ಅಧಿಕಾರ ಇದ್ದವರು ಸಾವಿರಾರು ಕಿಲೋಮೀಟರ್ ದೂರ. ಎರಡು ಹಗಲು, ಎರಡು ರಾತ್ರಿ ಸಮಯ ಸಿಕ್ಕಿಯೂ ಒಂದು ಆಡಳಿತ ಸಂಸ್ಥೆ ಕೈಯಲ್ಲಾಗದೆ ಕೂತಿತು.

ಆಮೇಲೆ ನಡೆದದ್ದು ಇನ್ನೂ ಸೋಜಿಗ. ಅದೇ ಜೂನ್ 29ರಂದು ಎಫ್‌ಐಎ ಏಳು ತಂಡಗಳನ್ನೂ ವಿಚಾರಣೆಗೆ ಕರೆದು, ತಕ್ಕ ಟೈರ್ ತರಲಿಲ್ಲ, ಕಾರುಗಳನ್ನು ರೇಸಿಗೆ ಬಿಡಲು ನಿರಾಕರಿಸಿದರು ಎಂಬ ಎರಡು ಆರೋಪಗಳಲ್ಲಿ ತಪ್ಪಿತಸ್ಥರೆಂದಿತು. ಜುಲೈನಲ್ಲಿ ತನ್ನ ತೀರ್ಪನ್ನು ತಾನೇ ರದ್ದು ಮಾಡಿತು. ಕಾರಣ? ಅಪಾಯವಿದೆಯೆಂದು ಗೊತ್ತಿದ್ದೂ ಓಡಿಸಿದ್ದರೆ, ಯಾರಿಗೂ ಪೆಟ್ಟಾಗದಿದ್ದರೂ, ಇಂಡಿಯಾನಾ ರಾಜ್ಯದ ಕಾನೂನಿನಡಿ ತಂಡಗಳ ಮೇಲೆ ಕ್ರಿಮಿನಲ್ ಮೊಕದ್ದಮೆ ಬರಬಹುದಿತ್ತು ಎಂದು ತಂಡಗಳು ತೋರಿಸಿಕೊಟ್ಟವು. ಆಟದ ನಿಯಮದಲ್ಲಿ ಅಪರಾಧವಾದದ್ದು ನಾಡಿನ ಕಾನೂನಿನಲ್ಲಿ ಕರ್ತವ್ಯವಾಗಿತ್ತು. ಮುಂದಿನ ವರ್ಷ ಟೈರ್ ಬದಲಾವಣೆ ಮತ್ತೆ ಬಂತು. 2007ರಿಂದ ಎಲ್ಲರಿಗೂ ಒಂದೇ ಕಂಪನಿಯ ಟೈರ್.

ರೇಸ್ ಅಭಿಮಾನಿಗಳು ಇಂಡಿಯಾನಾಪೊಲಿಸನ್ನು ನಾಚಿಕೆಗೇಡಿನ ದಿನವೆಂದು ಎಣಿಸುತ್ತಾರೆ. ಪ್ರೇಕ್ಷಕರಿಗೆ ಮೋಸವಾಯಿತು, ನಿಜ. ಆದರೆ ಅಂದು ಒಬ್ಬರೂ ಸಾಯಲಿಲ್ಲ. ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಅದಕ್ಕೂ 30 ವರ್ಷ ಹಿಂದಿನ ಇನ್ನೊಂದು ಭಾನುವಾರ.

1975ರ ಏಪ್ರಿಲ್ 27. ಸ್ಪೇನಿನ ಬಾರ್ಸಿಲೋನಾ ನಗರದ ಮೊಂಜುಯಿಕ್ ಗುಡ್ಡದ ಮೇಲಿನ ಉದ್ಯಾನದ ರಸ್ತೆಗಳೇ ರೇಸ್ ಟ್ರ್ಯಾಕ್. ಮೊದಲ ದಿನ ಚಾಲಕರು ನಡೆದುಕೊಂಡು ನೋಡಿದಾಗ ರಸ್ತೆಬದಿಯ ಉಕ್ಕಿನ ತಡೆಬೇಲಿಗೆ ಎಷ್ಟೋ ಕಡೆ ಬೋಲ್ಟೇ ಬಿಗಿದಿರಲಿಲ್ಲ. ಚಾಲಕರ ಸಂಘದವರು ಅಭ್ಯಾಸಕ್ಕೆ ಇಳಿಯುವುದಿಲ್ಲ ಎಂದರು. ಆಮೇಲೆ ತಂಡಗಳ ಮೆಕ್ಯಾನಿಕ್‌ಗಳೇ ಸ್ಪ್ಯಾನರ್ ಹಿಡಿದು ರಸ್ತೆಗಿಳಿದರು. ತಂಡದ ಒಡೆಯ ಕೆನ್ ಟಿರೆಲ್ ತಾವೇ ಬೋಲ್ಟ್ ಬಿಗಿಯುತ್ತಿದ್ದರು. ಲೋಕದ ಅತ್ಯಂತ ವೇಗದ ಕಾರುಗಳು ಓಡುವ ಟ್ರ್ಯಾಕಿನ ಬೇಲಿಯನ್ನು ಸ್ಪರ್ಧಿಗಳೇ ಬಿಗಿಯಬೇಕಾಗಿ ಬಂದ ಈ ಸ್ಥಿತಿಗಿಂತ ಬೇರೆ ಟೀಕೆ ಅಂದಿನ ಆಡಳಿತಕ್ಕೆ ಬೇಕಿಲ್ಲ. ರೇಸ್ ನಡೆಯದಿದ್ದರೆ ಕಾರುಗಳನ್ನೇ ಪೊಲೀಸರು ವಶಕ್ಕೆ ತೆಗೆದುಕೊಳ್ಳುತ್ತಾರೆ ಎಂಬ ಬೆದರಿಕೆ ಬಂದಾಗ ಪ್ರತಿಭಟನೆ ಮುರಿಯಿತು. ಹಿಂದಿನ ವರ್ಷದ ವಿಶ್ವ ಚಾಂಪಿಯನ್ ಎಮರ್ಸನ್ ಫಿಟ್ಟಿಪಾಲ್ಡಿ ಮಾತ್ರ ಬೇಕಂತಲೇ ನಿಧಾನವಾಗಿ ಸುತ್ತಿ, ಭಾನುವಾರ ಓಡಿಸದೆ ಊರು ಬಿಟ್ಟರು.

ರೇಸ್ ನಡೆಯಿತು. 26ನೇ ಸುತ್ತಿನಲ್ಲಿ ಮುಂದಿದ್ದ ರೋಲ್ಫ್ ಸ್ಟೊಮೆಲೆನ್ ಅವರ ಕಾರಿನ ಹಿಂದಿನ ರೆಕ್ಕೆ ಮುರಿದು, ಕಾರು ತಡೆಬೇಲಿಯ ಮೇಲೆ ಹಾರಿಹೋಗಿ ಜನರಿದ್ದ ಕಡೆ ಬಿತ್ತು. ಬೇಲಿಯಾಚೆ ನಿಂತಿದ್ದ ಹಲವರು ಸತ್ತರು. ಇನ್ನೂ ಮೂರು ಸುತ್ತಿನ ಬಳಿಕ ರೇಸ್ ನಿಂತಿತು, ಅರ್ಧ ಅಂಕ ಹಂಚಿದರು. ಆ ದಿನದ ಅರ್ಧ ಅಂಕದಿಂದಲೇ ಇಟಲಿಯ ಲೆಲ್ಲಾ ಲೊಂಬಾರ್ಡಿ ಫಾರ್ಮುಲಾ ಒನ್‌ನಲ್ಲಿ ಅಂಕ ಪಡೆದ ಏಕೈಕ ಮಹಿಳೆಯಾಗಿ ಉಳಿದಿದ್ದಾರೆ. ಮೊಂಜುಯಿಕ್‌ಗೆ ಫಾರ್ಮುಲಾ ಒನ್ ಮತ್ತೆ ಹೋಗಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಜಗಳವಾದದ್ದು ಬೇಲಿಯ ಬೋಲ್ಟಿನ ಬಗ್ಗೆ, ಜನ ಸತ್ತದ್ದು ರೆಕ್ಕೆ ಮುರಿದು. ಹಾಗಾದರೆ ಚಾಲಕರ ಆಕ್ಷೇಪಕ್ಕೂ ಸಾವಿಗೂ ಸಂಬಂಧವಿಲ್ಲ ಎಂದು ಕೈತೊಳೆದುಕೊಳ್ಳಬಹುದು. ನಾನು ಹಾಗೆ ಓದುವುದಿಲ್ಲ. ಅಪಾಯ ಎಲ್ಲಿಂದ ಬರುತ್ತದೆಂದು ಮೊದಲೇ ಕರಾರುವಾಕ್ಕಾಗಿ ಹೇಳಬಲ್ಲವರು ಯಾರೂ ಇಲ್ಲ. ಅಪಾಯವಿದೆ ಎಂದವನ ಮಾತನ್ನು ಪೊಲೀಸ್ ಬಲದಿಂದ ಅಡಗಿಸುವ ಸಂಸ್ಥೆ ಬೋಲ್ಟನ್ನೂ ನೋಡುವುದಿಲ್ಲ, ರೆಕ್ಕೆಯನ್ನೂ ನೋಡುವುದಿಲ್ಲ, ಜನ ಎಲ್ಲಿ ನಿಂತಿದ್ದಾರೆಂದೂ ನೋಡುವುದಿಲ್ಲ.

ಈ ಬೇಡ ಎನ್ನುವ ಪರಂಪರೆಗೆ ಮುಖ ಕೊಟ್ಟವರು ಸ್ಕಾಟ್‌ಲೆಂಡಿನ ಜಾಕಿ ಸ್ಟೂವರ್ಟ್. 1966ರ ಜೂನ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮೊದಲ ಸುತ್ತಿನಲ್ಲೇ ಜಡಿಮಳೆ ಹಿಡಿಯಿತು. ಆಗ ಸ್ಪಾ ಅಂದರೆ ಮನೆ, ಮರ, ಕಂಬಗಳ ನಡುವಿನ 14 ಕಿಲೋಮೀಟರ್ ಹಳ್ಳಿ ರಸ್ತೆ. ಸ್ಟೂವರ್ಟ್ ಅವರ ಕಾರು ರಸ್ತೆ ಬಿಟ್ಟು ಹಾರಿ ನುಜ್ಜುಗುಜ್ಜಾಯಿತು. ಸ್ಟಿಯರಿಂಗ್ ಕೆಳಗೆ ಕಾಲು ಸಿಕ್ಕಿಕೊಂಡಿತು, ಟ್ಯಾಂಕ್ ಒಡೆದು ಮೈತುಂಬ ಪೆಟ್ರೋಲ್. ಒಂದು ಕಿಡಿ ಬಿದ್ದಿದ್ದರೆ ಮುಗಿಯಿತು. ಬಿಡಿಸಿದವರು ತಾವೂ ರಸ್ತೆ ತಪ್ಪಿದ್ದ ಇಬ್ಬರು ಚಾಲಕರು, ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್. ಸ್ಪ್ಯಾನರನ್ನು ಪ್ರೇಕ್ಷಕರೊಬ್ಬರಿಂದ ಕೇಳಿ ತಂದರು. ಇದೆಲ್ಲಕ್ಕೆ ಸುಮಾರು 25 ನಿಮಿಷ ಹಿಡಿಯಿತು. ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ದಾರಿ ತಪ್ಪಿತು.

ಅಂದಿನಿಂದ ಸ್ಟೂವರ್ಟ್ ಕಾರಿನಲ್ಲಿ ಒಂದು ಸ್ಪ್ಯಾನರ್ ಅಂಟಿಸಿಕೊಂಡೇ ಓಡಿಸಿದರು. ಸೀಟ್‌ಬೆಲ್ಟ್, ತಡೆಬೇಲಿ, ಟ್ರ್ಯಾಕಿನಲ್ಲೇ ವೈದ್ಯರು, ಬೆಂಕಿ ಆರಿಸುವ ಸಿಬ್ಬಂದಿ ಎಂದು ಹೋದಲ್ಲೆಲ್ಲ ಕೇಳಿದರು. ಟ್ರ್ಯಾಕ್ ಮಾಲೀಕರು ಮುಖ ತಿರುಗಿಸಿದರು, ಕೆಲವು ಪತ್ರಕರ್ತರು ಪುಕ್ಕಲನೆಂದರು. ಆ ಪುಕ್ಕಲ 1969, 1971, 1973ರಲ್ಲಿ ವಿಶ್ವ ಚಾಂಪಿಯನ್ ಆದರು. 1961ರಲ್ಲಿ ಹುಟ್ಟಿದ್ದ ಗ್ರ್ಯಾನ್ ಪ್ರಿ ಚಾಲಕರ ಸಂಘಕ್ಕೆ ಬಲ ಬಂದದ್ದು ಇವರ ಕಾಲದಲ್ಲಿ. ಚಾಲಕರು ಒಪ್ಪದ್ದರಿಂದ 1969ರಲ್ಲಿ ಸ್ಪಾ ರೇಸ್ ನಡೆಯಲಿಲ್ಲ. 1970ರಲ್ಲಿ ಜರ್ಮನಿಯ ರೇಸ್ ನ್ಯೂರ್‌ಬರ್ಗ್‌ರಿಂಗ್ ಬಿಟ್ಟು ಹೊಕೆನ್‌ಹೈಮ್‌ಗೆ ಹೋಯಿತು. ಈ ಕ್ರೀಡೆಯಲ್ಲಿ ಆದ ಸುಧಾರಣೆಗಳನ್ನೆಲ್ಲ ಸಾವುಗಳೇ ತಂದವು ಎಂಬ ಮಾತು ಚಾಲ್ತಿಯಲ್ಲಿದೆ. ಅರ್ಧ ಸತ್ಯ ಅದು. ಸಾವುಗಳು ಎಷ್ಟೋ ಆದವು, ಎಷ್ಟೋ ವರ್ಷ ಏನೂ ಬದಲಾಗಲಿಲ್ಲ. ಬದಲಾದದ್ದು ಬದುಕಿದ್ದವರು ಕೂತು ಓಡಿಸುವುದಿಲ್ಲ ಎಂದಾಗ.

1976ರಲ್ಲಿ ಚಾಲಕ ನಿಕಿ ಲೌಡಾ, ರೇಸ್ ಮತ್ತೆ ಮರಳಿದ್ದ ಅದೇ ಹಳೆಯ ನ್ಯೂರ್‌ಬರ್ಗ್‌ರಿಂಗಿನಲ್ಲಿ ಓಡಿಸುವುದು ಬೇಡವೆಂದು ಚಾಲಕರ ಸಭೆಯಲ್ಲಿ ಮತಕ್ಕೆ ಹಾಕಿ ಒಂದು ಮತದಿಂದ ಸೋತರು. 22.8 ಕಿಲೋಮೀಟರ್ ಉದ್ದದ ಆ ಟ್ರ್ಯಾಕಿನಲ್ಲಿ ಯಾವ ತಿರುವಿನಲ್ಲಿ ಅಪಘಾತವಾದರೂ ನೆರವು ಬೇಗ ತಲುಪದು ಎಂಬುದು ಅವರ ವಾದ. ಆಗಸ್ಟ್ 1ರಂದು ಬೆಂಕಿಗೆ ಬಿದ್ದದ್ದು ಅವರೇ. ಎಳೆದು ಹೊರಗೆ ಹಾಕಿದ್ದು ಹಿಂದೆ ಬರುತ್ತಿದ್ದ ನಾಲ್ವರು ಚಾಲಕರು. ಆರು ವಾರಕ್ಕೆ ಸುಟ್ಟ ಗಾಯದ ಮೇಲೆ ಹೆಲ್ಮೆಟ್ ಹಾಕಿಕೊಂಡು ಇಟಲಿಯ ಮೊಂಜಾದಲ್ಲಿ ಓಡಿಸಿ ನಾಲ್ಕನೆಯವರಾದರು. ಅದೇ ಅಕ್ಟೋಬರಿನಲ್ಲಿ ಜಪಾನಿನ ಫುಜಿಯಲ್ಲಿ ಸುರಿಮಳೆ. ಎರಡು ಸುತ್ತು ಓಡಿಸಿ ಕಾರು ನಿಲ್ಲಿಸಿ ಇಳಿದುಬಿಟ್ಟರು. ವಿಶ್ವ ಚಾಂಪಿಯನ್ ಪಟ್ಟ ಒಂದು ಅಂಕದಿಂದ ಎದುರಾಳಿ ಜೇಮ್ಸ್ ಹಂಟ್ ಪಾಲಾಯಿತು. ನನ್ನ ಮಟ್ಟಿಗೆ ಮೊಂಜಾದ ಲೌಡಾಗಿಂತ ಫುಜಿಯ ಲೌಡಾ ದೊಡ್ಡವರು.

ಈಗ ಸಂಸ್ಥೆಯ ಕಡೆ ಬರೋಣ. 1904ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಎಫ್‌ಐಎ ಮೂಲದಲ್ಲಿ ಕಾರು ಮಾಲೀಕರ ಕ್ಲಬ್ಬುಗಳ ಒಕ್ಕೂಟ. ಇಂದಿಗೂ ಅದರ ಅಧ್ಯಕ್ಷರನ್ನು ಆರಿಸುವುದು ದೇಶದೇಶಗಳ ಸದಸ್ಯ ಕ್ಲಬ್ಬುಗಳು. ಕಾರಿನೊಳಗೆ ಕೂರುವವನಿಗೆ ಆ ಚುನಾವಣೆಯಲ್ಲಿ ಮತವಿಲ್ಲ. ಅದೇ ಸಂಸ್ಥೆ ನಿಯಮ ಬರೆಯುತ್ತದೆ, ಟ್ರ್ಯಾಕಿಗೆ ಪರವಾನಗಿ ಕೊಡುತ್ತದೆ, ರೇಸ್ ನಡೆಸುವ ಅಧಿಕಾರಿಯನ್ನು ನೇಮಿಸುತ್ತದೆ, ತಪ್ಪು ಮಾಡಿದವರಿಗೆ ದಂಡ ಹಾಕುತ್ತದೆ, ಅಪಘಾತವಾದರೆ ತನಿಖೆಯನ್ನೂ ಮಾಡುತ್ತದೆ. ಫಾರ್ಮುಲಾ ಒನ್‌ನ ವ್ಯಾಪಾರ ನೋಡಿಕೊಳ್ಳುತ್ತಿದ್ದವರು ಬರ್ನಿ ಎಕ್ಲ್‌ಸ್ಟೋನ್. ತಂಡಗಳ ಒಕ್ಕೂಟದಲ್ಲಿ ಮೋಸ್ಲಿ ಮತ್ತು ಅವರು ಜೊತೆಯಾಗಿ ದುಡಿದವರು. ನಿಯಮ, ಹಣ ಎರಡೂ ಹೀಗೆ ಬೆಸೆದುಕೊಂಡದ್ದನ್ನು ಯುರೋಪಿಯನ್ ಆಯೋಗ ಪ್ರಶ್ನಿಸಿದ ಮೇಲೆ ಎಫ್‌ಐಎ ನಿಯಂತ್ರಣದ ಕೆಲಸಕ್ಕಷ್ಟೇ ಸೀಮಿತವಾಗುವುದಾಗಿ 2001ರಲ್ಲಿ ಒಪ್ಪಿಕೊಂಡಿತು. ಅದೇ ವರ್ಷ ವಾಣಿಜ್ಯ ಹಕ್ಕನ್ನು ಎಕ್ಲ್‌ಸ್ಟೋನ್ ಕಂಪನಿಗೆ 30 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತಕ್ಕೆ 100 ವರ್ಷದ ಗುತ್ತಿಗೆಗೆ ಕೊಟ್ಟಿತು. 2017ರಿಂದ ಆ ಹಕ್ಕು ಅಮೆರಿಕದ ಲಿಬರ್ಟಿ ಮೀಡಿಯಾ ಕೈಯಲ್ಲಿದೆ. ನೂರು ವರ್ಷ, ಸಭಿಕರೇ.

ಎಫ್‌ಐಎ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾಗುತ್ತದೆ. 1994ರಲ್ಲಿ ಇಟಲಿಯ ಇಮೋಲಾದಲ್ಲಿ ಶನಿವಾರ ಚಾಲಕ ರೋಲಂಡ್ ರಾಟ್ಜೆನ್‌ಬರ್ಗರ್, ಭಾನುವಾರ ಐರ್ಟನ್ ಸೆನ್ನಾ ಸತ್ತರು. ಸಾಯುವ ದಿನದ ಬೆಳಿಗ್ಗೆ ಸೆನ್ನಾ ಇತರ ಚಾಲಕರೊಡನೆ, ಅಷ್ಟರಲ್ಲಿ ಕಳೆದುಹೋಗಿದ್ದ ಚಾಲಕರ ಸಂಘವನ್ನು ಮತ್ತೆ ಕಟ್ಟುವ ಮಾತಾಡಿದ್ದರು. ಎರಡು ವಾರಕ್ಕೆ ಮೊನಾಕೊದಲ್ಲಿ ಸಂಘ ಮತ್ತೆ ಎದ್ದಿತು. ಎಫ್‌ಐಎ ನರಶಸ್ತ್ರವೈದ್ಯ ಸಿಡ್ ವಾಟ್ಕಿನ್ಸ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಈ ವಾಟ್ಕಿನ್ಸ್ 1978ರಿಂದ ರೇಸ್‌ಗಳ ವೈದ್ಯರಾಗಿದ್ದರು. ಆ ವರ್ಷ ಮೊಂಜಾದಲ್ಲಿ ರೋನಿ ಪೀಟರ್ಸನ್ ಅವರ ಅಪಘಾತದ ಬಳಿ ಹೋಗಲು ಪೊಲೀಸರ ಸಾಲೇ ಅವರನ್ನು ಬಿಡಲಿಲ್ಲ. ಅಲ್ಲಿಂದಾಚೆಗೆ ಮೊದಲ ಸುತ್ತಿನಲ್ಲಿ ವೈದ್ಯರ ಕಾರು ರೇಸಿನ ಬೆನ್ನಿಗೇ ಓಡುವಂತಾಯಿತು. ಕಾರು ಗುದ್ದಿಸಿ ನೋಡುವ ಪರೀಕ್ಷೆಗಳು ಬಿಗಿಯಾದವು. ಕುತ್ತಿಗೆ ಕಾಯುವ ಸಾಧನ 2003ರಲ್ಲಿ ಕಡ್ಡಾಯವಾಯಿತು. 2018ರಲ್ಲಿ ಚಾಲಕನ ತಲೆಯ ಮೇಲೆ ಟೈಟಾನಿಯಂ ಕಮಾನು, ಹಾಲೋ, ಬಂತು. ಹೆಚ್ಚಿನ ತಂಡಗಳಿಗೆ ಅದು ಬೇಡವಾಗಿತ್ತು, ಕಾರಿನ ಚೆಂದ ಕೆಡುತ್ತದೆಂದು ಅಭಿಮಾನಿಗಳೂ ಬೈದರು. ಸುರಕ್ಷತೆಯ ಕಾರಣಕ್ಕೆ ತಂಡಗಳ ಒಪ್ಪಿಗೆಯಿಲ್ಲದೆ ನಿಯಮ ತರುವ ಅಧಿಕಾರ ಎಫ್‌ಐಎಗೆ ಇತ್ತು, ಅದು ಬಳಸಿತು. 2020ರ ನವೆಂಬರ್ 29ರಂದು ಬಹರೇನಿನಲ್ಲಿ ರೊಮೈನ್ ಗ್ರೊಜಾನ್ ಅವರ ಕಾರು ತಡೆಬೇಲಿಯನ್ನು ಸೀಳಿ ಎರಡು ತುಂಡಾಗಿ ಹೊತ್ತಿ ಉರಿಯಿತು. 28 ಸೆಕೆಂಡಿಗೆ ಅವರು ಬೆಂಕಿಯೊಳಗಿಂದ ಎದ್ದು ಬಂದರು. ಮೊದಲು ಹಾಲೋ ಬೇಡವೆಂದಿದ್ದವರಲ್ಲಿ ಅವರೂ ಒಬ್ಬರು. ಆಸ್ಪತ್ರೆಯಿಂದಲೇ ಅದು ತಮ್ಮನ್ನು ಉಳಿಸಿತೆಂದು ಹೇಳಿದರು. ಚಾಲಕರ ಮಾತೇ ಎಲ್ಲ ಸಲವೂ ಸರಿ ಎಂದು ನಾನು ವಾದಿಸುತ್ತಿಲ್ಲ ಎಂಬುದಕ್ಕೆ ಈ ಉದಾಹರಣೆ ಸಾಕು.

ಕಾರನ್ನು ಗಟ್ಟಿ ಮಾಡುವುದರಲ್ಲಿ ಎಫ್‌ಐಎ ಗೆದ್ದಿದೆ. ತನ್ನನ್ನು ತಾನು ವಿಚಾರಿಸಿಕೊಳ್ಳುವುದರಲ್ಲಿ ಗೆದ್ದಿಲ್ಲ. 2014ರ ಅಕ್ಟೋಬರ್ 5ರಂದು, ಚಂಡಮಾರುತ ಹತ್ತಿರವಾಗುತ್ತಿದ್ದ ಹೊತ್ತಿನಲ್ಲಿ, ಜಪಾನಿನ ಸುಜುಕಾದಲ್ಲಿ ಮಳೆಯಲ್ಲೇ ರೇಸ್ ನಡೆಯಿತು. ಬೆಳಕು ಇಳಿಯುತ್ತಿತ್ತು. ಒಂದು ಕಾರು ಜಾರಿ ನಿಂತಿತ್ತು, ಅದನ್ನೆತ್ತಲು ಟ್ರ್ಯಾಕಿನ ಅಂಚಿಗೆ ಕ್ರೇನ್ ಟ್ರ್ಯಾಕ್ಟರ್ ಬಂದಿತ್ತು. ಹಳದಿ ಬಾವುಟ ಬೀಸುತ್ತಿದ್ದರು, ಎಲ್ಲರನ್ನೂ ನಿಧಾನಗೊಳಿಸುವ ಸೇಫ್ಟಿ ಕಾರ್ ಹೊರಬಂದಿರಲಿಲ್ಲ. 25 ವರ್ಷದ ಜೂಲ್ ಬಿಯಾಂಕಿ ಅವರ ಕಾರು ಅದೇ ಜಾಗದಲ್ಲಿ ಜಾರಿ ಟ್ರ್ಯಾಕ್ಟರಿನ ಅಡಿಗೆ ನುಗ್ಗಿತು. ಪ್ರಜ್ಞೆ ಮರಳದೆ 2015ರ ಜುಲೈ 17ರಂದು ತೀರಿಕೊಂಡರು. ಎಫ್‌ಐಎ ತಾನೇ ಹತ್ತು ಜನರ ತಂಡ ನೇಮಿಸಿತು. ಬಿಯಾಂಕಿ ಸಾಕಷ್ಟು ವೇಗ ಇಳಿಸಲಿಲ್ಲ ಎಂದು ತಂಡ ಹೇಳಿತು. ಅದರ ಜೊತೆಗೇ, ಸೂರ್ಯಾಸ್ತಕ್ಕೆ ನಾಲ್ಕು ಗಂಟೆ ಮೊದಲಾದರೂ ರೇಸ್ ಶುರುವಾಗಬೇಕು ಎಂದು ಶಿಫಾರಸು ಮಾಡಿತು. 2015ರಿಂದ, ಸೇಫ್ಟಿ ಕಾರ್ ಇಲ್ಲದೆಯೂ ಎಲ್ಲ ಕಾರುಗಳ ವೇಗಕ್ಕೆ ಒಟ್ಟಿಗೇ ಮಿತಿ ಹಾಕುವ ವ್ಯವಸ್ಥೆ ಬಂತು. ತಡವಾಗಿ ಶುರು ಮಾಡಿದ್ದು ಸರಿಯಲ್ಲ, ಇದ್ದ ವ್ಯವಸ್ಥೆ ಸಾಲದು ಎಂದು ಈ ಕ್ರಮಗಳೇ ಒಪ್ಪಿಕೊಂಡಂತಾಯಿತು. ತಪ್ಪಿನ ಹೊರೆ ಮಾತ್ರ ಮಾತಾಡಲಾರದೆ ಮಲಗಿದ್ದ ಹುಡುಗನ ಮೇಲೆ ಬಿತ್ತು. ಎಂಟು ವರ್ಷದ ಬಳಿಕ, 2022ರಲ್ಲಿ, ಅದೇ ಸುಜುಕಾದಲ್ಲಿ, ಅಂಥದೇ ಮಳೆಯಲ್ಲಿ ಪಿಯರ್ ಗ್ಯಾಸ್ಲಿ ಟ್ರ್ಯಾಕಿನ ಮೇಲಿದ್ದ ಕ್ರೇನಿನ ಪಕ್ಕದಲ್ಲೇ ಹಾದುಹೋದರು. ಬಿಯಾಂಕಿ ಅವರ ಗೆಳೆಯರಾಗಿದ್ದ ಗ್ಯಾಸ್ಲಿ ಅಂದು ರೇಡಿಯೋದಲ್ಲಿ ಕೂಗಾಡಿದ್ದು ಲೋಕಕ್ಕೆಲ್ಲ ಕೇಳಿಸಿತು.

ವಿಮಾನ ಬಿದ್ದರೆ ವಿಮಾನಯಾನದ ನಿಯಂತ್ರಕರೇ ತನಿಖೆ ಮಾಡುವುದಿಲ್ಲ. ನಮ್ಮ ದೇಶದಲ್ಲೂ ಅದಕ್ಕೆ ಬೇರೆಯದೇ ತನಿಖಾ ಸಂಸ್ಥೆಯಿದೆ. ತಾನೇ ಅನುಮತಿಸಿದ ರೇಸಿನಲ್ಲಿ ಆದ ಸಾವನ್ನು ತಾನೇ ವಿಚಾರಿಸುವ ಪದ್ಧತಿ ಮೋಟಾರು ರೇಸಿನಲ್ಲಿ ಇನ್ನೂ ಉಳಿದಿರುವುದು ನನಗೆ ಅರಗದ ಸಂಗತಿ. ಇಟಲಿ ಬೇರೆ ದಾರಿ ಹಿಡಿಯಿತು. ಸೆನ್ನಾ ಸಾವಿಗೆ ಅವರ ವಿಲಿಯಮ್ಸ್ ತಂಡದವರನ್ನು ಕಟಕಟೆಗೆ ತಂದಿತು. 1997ರಲ್ಲಿ ಅವರು ಖುಲಾಸೆಯಾದರು. ಮೇಲ್ಮನವಿಗಳು ಮುಗಿದು 2007ರಲ್ಲಿ ಅತ್ಯುನ್ನತ ನ್ಯಾಯಾಲಯ ತಾಂತ್ರಿಕ ಮುಖ್ಯಸ್ಥ ಪ್ಯಾಟ್ರಿಕ್ ಹೆಡ್ ಅವರನ್ನು ಹೊಣೆಗಾರರೆನ್ನುವ ಹೊತ್ತಿಗೆ ಶಿಕ್ಷೆಯ ಕಾಲಮಿತಿ ಮುಗಿದಿತ್ತು. ಕ್ರಿಮಿನಲ್ ನ್ಯಾಯಾಲಯಕ್ಕೆ ಆರೋಪಿ ಬೇಕು. ಸುರಕ್ಷತೆಗೆ ಬೇಕಾದದ್ದು ಕಾರಣ. ಅದನ್ನು ಹುಡುಕಿ ಪೂರ್ತಿ ವರದಿಯನ್ನು ಜನರ ಮುಂದಿಡುವ, ಎಫ್‌ಐಎ ಹಣದಿಂದಲೂ ತಂಡಗಳ ಹಣದಿಂದಲೂ ದೂರವಿರುವ ಮೂರನೆಯ ಸಂಸ್ಥೆಯೊಂದು ಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಹಣದ ಒತ್ತಡ ಎಲ್ಲಿಯವರೆಗೆ ಹೋಗುತ್ತದೆಂಬುದಕ್ಕೆ ಎರಡು ಈಚಿನ ಸಂದರ್ಭ. 2021ರ ಆಗಸ್ಟ್‌ನಲ್ಲಿ ಸ್ಪಾದಲ್ಲಿ ಮಳೆ ಬಿಡಲಿಲ್ಲ. ಜನ ಇಡೀ ದಿನ ನೆನೆದರು. ಕಾರುಗಳು ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಉರುಳಿ ನಿಂತವು, ಒಬ್ಬರೂ ಒಬ್ಬರನ್ನು ದಾಟದೆ ಅರ್ಧ ಅಂಕ ಹಂಚಿಕೆಯಾಯಿತು. ಓಡಿಸದಿದ್ದದ್ದು ಸರಿ, ಅದನ್ನು ರೇಸ್ ಎಂದು ಕರೆದದ್ದು ತಪ್ಪು. ಅಂಕದ ನಿಯಮವನ್ನು ಮುಂದಿನ ವರ್ಷ ಬದಲಿಸಿದರು. 2022ರ ಮಾರ್ಚ್ 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಅಭ್ಯಾಸ ನಡೆಯುವಾಗಲೇ ಅರಾಮ್ಕೊ ತೈಲ ಸಂಗ್ರಹಾಗಾರದ ಮೇಲೆ ಕ್ಷಿಪಣಿ ದಾಳಿಯಾಗಿ ಹೊಗೆ ಎದ್ದಿತು. ಚಾಲಕರು ಮಧ್ಯರಾತ್ರಿ ದಾಟಿ ಎರಡು ಗಂಟೆಯವರೆಗೂ ಸಭೆ ಕೂತರು. ಭಾನುವಾರ ರೇಸ್ ನಡೆಯಿತು. 20 ಯುವಕರನ್ನು ನಡುರಾತ್ರಿ ಕೂರಿಸಿ ಯುದ್ಧದ ಅಪಾಯವನ್ನು ಅಳೆಯಲು ಹೇಳುವುದು ಆಡಳಿತವಲ್ಲ. ನಿಲ್ಲಿಸಬೇಕೆ ಎಂಬುದನ್ನು ಟಿಕೆಟ್, ಪ್ರಸಾರ, ಆತಿಥ್ಯ ಶುಲ್ಕ ಯಾವುದರಲ್ಲೂ ಪಾಲಿಲ್ಲದ ಒಬ್ಬ ಅಧಿಕಾರಿ, ಟ್ರ್ಯಾಕಿನಲ್ಲೇ ನಿಂತು, ತೀರ್ಮಾನಿಸಬೇಕು. ಅವನ ಮಾತನ್ನು ಫೋನಿನಲ್ಲಿ ತಳ್ಳಿಹಾಕುವ ಹಕ್ಕು ಯಾರಿಗೂ ಇರಬಾರದು. ಅಪಾಯದ ಕಾರಣಕ್ಕೆ ಓಡಿಸಲು ಒಲ್ಲೆನೆಂದವರಿಗೆ ವಿಚಾರಣೆ ಮುಗಿಯುವತನಕ ದಂಡ ಬೀಳಬಾರದು.

ಕೊನೆಗೆ, ಸಭೆಗಳಲ್ಲೂ ಮತಗಳಲ್ಲೂ ಎಲ್ಲೂ ಕಾಣದವರ ಬಗ್ಗೆ ಹೇಳಬೇಕು. ಬಾವುಟ ಬೀಸುವ, ಎಣ್ಣೆ ಒರೆಸುವ, ಬೆಂಕಿಗೆ ಮೊದಲು ಓಡುವ ಮಾರ್ಷಲ್‌ಗಳು. ಬಹುಪಾಲು ಜನ ರೇಸಿನ ಪ್ರೀತಿಗೆ ಬರುವ ಸ್ವಯಂಸೇವಕರು. 1977ರಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಲಮಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಟ್ರ್ಯಾಕ್ ದಾಟುತ್ತಿದ್ದ 19ರ ಹರೆಯದ ಮಾರ್ಷಲ್ ಕಾರಿಗೆ ಸಿಕ್ಕಿ ಸತ್ತ. ಅದೇ ಸಿಲಿಂಡರ್ ಬಡಿದು ಚಾಲಕ ಟಾಮ್ ಪ್ರೈಸ್ ಸತ್ತರು. ಸೆನ್ನಾ ನಂತರ ಬಿಯಾಂಕಿಯವರೆಗೆ 20 ವರ್ಷ ಫಾರ್ಮುಲಾ ಒನ್ ರೇಸಿನಲ್ಲಿ ಒಬ್ಬ ಚಾಲಕನೂ ಸಾಯಲಿಲ್ಲ ಎಂದು ಲೆಕ್ಕ ಹೇಳುವವರಿದ್ದಾರೆ. ಆ ಅವಧಿಯಲ್ಲೇ 2000ದಲ್ಲಿ ಮೊಂಜಾದಲ್ಲಿ, 2001ರಲ್ಲಿ ಮೆಲ್ಬರ್ನ್‌ನಲ್ಲಿ ಕಾರಿನ ಚಕ್ರ ಬಡಿದು, 2013ರಲ್ಲಿ ಕೆನಡಾದಲ್ಲಿ ಕ್ರೇನಿನ ಗಾಲಿಗೆ ಸಿಕ್ಕಿ, ಮೂವರು ಮಾರ್ಷಲ್‌ಗಳು ಸತ್ತರು. ಅವರಿಗೆ ಚಾಲಕರ ಸಂಘದಂಥ ದನಿಯಿಲ್ಲ.

ಈ ಮಾತುಗಳು ನಮಗೆ ದೂರದವಲ್ಲ. 2023ರ ಆಗಸ್ಟ್‌ನಲ್ಲಿ ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಮೋಟಾರ್‌ಸೈಕಲ್ ರೇಸಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಬಿದ್ದು ತೀರಿಕೊಂಡ. ನಮ್ಮ ನಗರದಿಂದ ಮಕ್ಕಳು ಗೋ-ಕಾರ್ಟಿನಲ್ಲಿ ಶುರು ಮಾಡಿ ಯುರೋಪಿನವರೆಗೆ ಹೋಗುತ್ತಿದ್ದಾರೆ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟು ರೇಸ್ ಗೆದ್ದದ್ದು ನಮಗೆಲ್ಲ ಹೆಮ್ಮೆ ತಂದಿತು. ಆ ದಾರಿಯಲ್ಲಿ ಹೆಜ್ಜೆಯಿಡುವ ಮಕ್ಕಳ ತಂದೆತಾಯಿಯರು ಈ ಸಭೆಯಲ್ಲಿದ್ದರೆ, ಕ್ಲಬ್ಬುಗಳ ಪದಾಧಿಕಾರಿಗಳಿದ್ದರೆ, ನನ್ನದೊಂದು ಬಿನ್ನಹ. ರೇಸಿಗೆ ಹೆಸರು ನೋಂದಾಯಿಸುವ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ಕೇಳಿ: ಇಂದು ರೇಸ್ ನಿಲ್ಲಿಸುವ ಅಧಿಕಾರ ಯಾರದು, ಆ ವ್ಯಕ್ತಿ ಟ್ರ್ಯಾಕಿನಲ್ಲಿ ಇರುತ್ತಾರೆಯೇ, ಅಪಘಾತವಾದರೆ ತನಿಖೆಯ ವರದಿಯನ್ನು ಯಾರು ಬರೆದು ಎಂದು ಪ್ರಕಟಿಸುತ್ತಾರೆ. ಉತ್ತರ ಬಾರದಿದ್ದರೆ ಮಗುವನ್ನು ಅಂದು ಟ್ರ್ಯಾಕಿಗೆ ಇಳಿಸಬೇಡಿ.